ಮೀನಿನ ಹೊಟ್ಟೆಯಲ್ಲಿ ಬೆಲ್ಲ

ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಲಿಂಬೆಹಣ್ಣಿನ ವಾಸನೆ ಗಮ್ಮೆಂದು ಬಂತು. ಪಾದ್ರಿ ಧರೆಪ್ಪನವರು ಮೂಗು ಹಿಂದಕ್ಕೆಳೆದುಕೊಂಡರು. ಬಿಜಾಪುರದ ಮಿಶನ್ ಕಚೇರಿಯಿಂದ ಹೊರಟು, ಇಂಡಿಯಲ್ಲಿ ಒಂದು ರವಿವಾರ ಕಳೆದು, ಬಸ್ಸಿನ ಟಪ್ಪಿನ ಮೇಲೆ ಕೂತು ಸಿಂದಗಿಗೆ ಬಂದ ಚಿತ್ರದ ಯಂತ್ರ ಅದರಲ್ಲಿತ್ತು. ಯಂತ್ರದ ಸುತ್ತ, ಗೂಡಿನಲ್ಲಿ ಮೊಟ್ಟೆ ಇಟ್ಟ ಹಾಗೆ, ಐದು ಹಳದಿ ಲಿಂಬೆಹಣ್ಣು.

"ಇವನ್ನ ಯಾರು ಇಟ್ರು?" ಅಂದರು ಪಾದ್ರಿಗಳು.

"ಇಂಡಿ ಹೆಣ್ಮಕ್ಕಳು ಇಟ್ಟಿರತಾರ್ರಿ ಅಯ್ಯಾರ," ಅಂದೆ ನಾನು. "ಮಂದಿ ಸಾಮಾನ ಮುಂದ ಕಳಿಸುವಾಗ ಖಾಲಿ ಕಳಿಸಬಾರದಲ್ರಿ."

"ಅಕ್ಕೋರ, ಇದು ಮಿಶನ್ನಿನ ಯಂತ್ರ. ಪಲ್ಯ ಹಾಕಿ ಕಳಿಸೂ ಪಾತೇಲಿ ಅಲ್ಲ."

ಹಾಗೆ ಅಂದರೂ ಎರಡು ಹಣ್ಣು ಅವರ ಜೇಬಿಗೆ ಹೋದವು. ಎಪ್ರಿಲ್ ತಿಂಗಳ ಬಿಸಿಲು, ಯಾರಾದರೂ ಪಾನಕದ ಆಸೆ ಪಡುವಂಥದ್ದೇ. ಉಳಿದ ಮೂರನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡೆ.

ಇದು ಎಪ್ಪತ್ತಾರನೆಯ ಇಸವಿಯ ಮಾತು. ಆಗ ನನಗೆ ಮೂವತ್ತೆಂಟು. ಸಿಂದಗಿಯ ನಮ್ಮ ಸಣ್ಣ ಚರ್ಚಿನಲ್ಲಿ ಹನ್ನೆರಡು ವರ್ಷದಿಂದ ಮಕ್ಕಳಿಗೆ ರವಿವಾರದ ಪಾಠ ಹೇಳುತ್ತಿದ್ದೆ. ಪಾಠ ಅಂದರೆ ಕಥೆ. ಕಥೆ ಅಂದರೆ ನನ್ನ ಬಾಯಿ ಮತ್ತು ನನ್ನ ಎರಡು ಕೈ. ಬೇರೆ ಏನೂ ಇರಲಿಲ್ಲ. ನೋಹನ ನಾವೆ ಬೇಕಾದರೆ ಮನೆಯಿಂದ ಮೊರ ಒಯ್ಯುತ್ತಿದ್ದೆ. ದಾವೀದನ ಕವಣೆಗೆ ನನ್ನ ಕುಪ್ಪಸದ ಕಸೆಯೇ ಸಾಕಿತ್ತು. ಸಮುದ್ರ ನೋಡಿದ ಮಗು ನಮ್ಮಲ್ಲಿ ಒಂದೂ ಇರಲಿಲ್ಲ, ನಾನೂ ನೋಡಿರಲಿಲ್ಲ. ಹಾಗಾಗಿ ನಮ್ಮ ಸಮುದ್ರವೆಲ್ಲ ಮಳೆಗಾಲದ ಡೋಣಿ ಹೊಳೆಯೇ.

ಯಂತ್ರವನ್ನು ಮೇಜಿನ ಮೇಲಿಟ್ಟು ಧರೆಪ್ಪನವರು ಅದರ ಗುಣಗಾನ ಶುರು ಮಾಡಿದರು. ಒಳಗೆ ದೀಪ, ಮುಂದೆ ಗಾಜು. ಹೆಬ್ಬೆರಳಿನಷ್ಟು ಉದ್ದದ ತಗಡಿನ ಡಬ್ಬಿಯಲ್ಲಿ ಒಂದು ಫಿಲ್ಮಿನ ಸುರುಳಿ. ಅದರಲ್ಲಿ ಪ್ರವಾದಿ ಯೋನನ ಕಥೆಯ ಮೂವತ್ತೆರಡು ಬಣ್ಣದ ಚಿತ್ರ. ಗುಬಟಿ ಒಮ್ಮೆ ತಿರುವಿದರೆ ಒಂದು ಚಿತ್ರ ಗೋಡೆಯ ಮೇಲೆ ಬಂದು ನಿಲ್ಲುತ್ತದೆ, ಇನ್ನೊಮ್ಮೆ ತಿರುವಿದರೆ ಮುಂದಿನದು. ಪ್ರತಿ ಚಿತ್ರಕ್ಕೂ ಓದಬೇಕಾದ ಮಾತು ಅಚ್ಚಾದ ಪುಸ್ತಕದಲ್ಲಿದೆ.

"ಓದೂದು ನಾನು ಓದ್ತೇನಿ," ಅಂದರು. "ಅಕ್ಕೋರ, ನೀವು ಇನ್ನ ದಣಿಯೂ ಕಾರಣಿಲ್ರಿ."

"ಈ ರವಿವಾರ ಒಂದ ಅಲ್ರಿ? ಮುಂದಿನ ವಾರ ಪೆಟ್ಟಿಗಿ ಮುದ್ದೇಬಿಹಾಳಕ್ಕ ಹೋಗತೈತಿ, ಆಮ್ಯಾಲ ಬಾಗೇವಾಡಿಗೆ."

"ಹೋಗಲಿ. ಈ ನಾಕೂ ಊರಾಗ ಯಾವ ಊರಾಗ ಚೊಲೋ ನಡೀತಂತ ರಿಪೋರ್ಟ್ ಬರೀಬೇಕು. ಚೊಲೋ ನಡೆದ ಊರಿಗೆ ಕಾಯಂ ಒಂದು ಯಂತ್ರ ಕೊಡ್ತಾರ. ಇಡೀ ಸತ್ಯವೇದ ಚಿತ್ರದಾಗ ಬಂದೈತಂತ. ಪ್ರತಿ ರವಿವಾರ ಒಂದೊಂದು ಸುರುಳಿ."

ನನ್ನ ಸೆರಗಿನ ಲಿಂಬೆಹಣ್ಣು ಒಂದು ಉರುಳಿ ಬಿತ್ತು. ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಬಗ್ಗಿದವಳು ಸ್ವಲ್ಪ ಹೊತ್ತು ಮೇಜಿನ ಕೆಳಗೇ ಇದ್ದೆ.

ಧರೆಪ್ಪನವರು ಕೆಟ್ಟವರಲ್ಲ. ಹುಬ್ಬಳ್ಳಿ ಕಡೆಯವರು, ನಮ್ಮೂರಿಗೆ ಬಂದು ಎಂಟು ತಿಂಗಳಾಗಿತ್ತು. ಎಲ್ಲವೂ ಬರೆದಂತೆ ನಡೆಯಬೇಕು ಅನ್ನುವ ಮನುಷ್ಯ. ಬಂದ ಹೊಸದರಲ್ಲಿ ಒಮ್ಮೆ ನನ್ನ ಪಾಠದ ಹೊತ್ತಿಗೆ ಬಾಗಿಲಲ್ಲಿ ನಿಂತು ಇದೇ ಯೋನನ ಕಥೆ ಕೇಳಿದ್ದರು. ಮೀನಿನ ಹೊಟ್ಟೆ ಹೇಗಿತ್ತು ಎಂದು ಮಕ್ಕಳು ಕೇಳಿದರೆ ನಾನು ಹಗೇವಿನ ಹಾಗೆ ಅನ್ನುತ್ತಿದ್ದೆ. ನೆಲದೊಳಗೆ ಜೋಳ ತುಂಬಿಡುವ ಆ ಕುಣಿಗೆ ಇಳಿದ ಅಪ್ಪ, ಕಾಕಾ ಎಲ್ಲರ ಮನೆಯಲ್ಲೂ ಇದ್ದರು. ಕತ್ತಲು, ಕಾವು, ಉಸಿರು ಕಟ್ಟುವ ಮುಗ್ಗು ವಾಸನೆ, ಮೇಲೆ ರೊಟ್ಟಿಯಷ್ಟು ಆಕಾಶ. ಮಕ್ಕಳು ಉಸಿರು ಹಿಡಿದು ಕೂಡುತ್ತಿದ್ದರು. ಪಾಠ ಮುಗಿದ ಮೇಲೆ ಧರೆಪ್ಪನವರು ನನ್ನನ್ನು ಕರೆದು ಮೆಲ್ಲಗೆ ಕೇಳಿದ್ದರು: "ಅಕ್ಕೋರ, ಮೀನಿನ ಹೊಟ್ಟ್ಯಾಗ ಜ್ವಾಳದ ವಾಸನಿ ಬಂತಂತ ಎಲ್ಲಿ ಬರ್ದೈತ್ರಿ?"

ಎಲ್ಲಿಯೂ ಬರೆದಿರಲಿಲ್ಲ. ನನಗೆ ಗೊತ್ತಿತ್ತು.

ಆದರೆ ಆ ಒಂದು ತಾಸು ನನ್ನದಾಗಿತ್ತು. ವಾರದ ಉಳಿದ ತಾಸುಗಳಲ್ಲಿ ನಾನು ಮಾತಾಡುತ್ತಲೇ ಇರಲಿಲ್ಲ ಅಂದರೂ ನಡೆದೀತು. ನಮ್ಮ ಮನೆಯಲ್ಲಿ ಮಾತಾಡುವ ಕೆಲಸ ನನ್ನ ಅತ್ತೆ ಚಂದವ್ವನದು. ಆಕೆ ಬೆಳಗಿನ ಜಾವ ಒಲೆಗೆ ಕಡ್ಡಿ ಗೀರುವಾಗ ಶುರು ಮಾಡಿದರೆ ದೀಪ ಆರಿಸುವಾಗ ನಿಲ್ಲಿಸುತ್ತಿದ್ದಳು. ಆಕೆ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ನನ್ನ ಗಂಡ ಗುರಣ್ಣ ಹತ್ತಿ ಮಿಲ್ಲಿನ ಸುದ್ದಿ ಹೇಳುತ್ತಿದ್ದರು. ಉಳಿದದ್ದನ್ನು ಎಮ್ಮೆ ಒದರುತ್ತಿತ್ತು. ನನ್ನ ಪಾಲಿಗೆ ಬರುವುದು "ಹೂಂ", "ಆತ್ರಿ", "ತಂದೆನ್ರಿ". ಅಷ್ಟರಿಂದ ಒಂದು ಹೆಣ್ಣು ಒಂದು ಜನ್ಮ ಕಳೆಯಬಹುದು, ಕಳೆದವರನ್ನು ನೋಡಿದ್ದೇನೆ. ನನಗೆ ಮಾತ್ರ ರವಿವಾರ ಹತ್ತು ಗಂಟೆಗೆ ಇಪ್ಪತ್ತೇಳು ಮಕ್ಕಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಆಗ ನನ್ನೊಳಗಿಂದ ಯಾರೋ ಎದ್ದು ಬರುತ್ತಿದ್ದಳು. ಕೈ ಬೀಸುತ್ತಿದ್ದಳು, ಗುಡುಗುತ್ತಿದ್ದಳು, ಸಿಂಹವಾಗುತ್ತಿದ್ದಳು. ಒಮ್ಮೆ ಫರೋಹನ ರಥ ಓಡಿಸುವ ಭರದಲ್ಲಿ ಪ್ರಸಂಗದ ಮೇಜಿನ ಮೇಲಿನ ಹೂದಾನಿ ಒಡೆದಿದ್ದಳು. ತಾಸು ಮುಗಿದ ಮೇಲೆ ಅವಳು ಎಲ್ಲಿ ಹೋಗುತ್ತಿದ್ದಳೋ ತಿಳಿಯದು. ನಾನು ಸೆರಗು ಸರಿ ಮಾಡಿಕೊಂಡು ರೊಟ್ಟಿ ಬಡಿಯಲು ಮನೆಗೆ ಹೋಗುತ್ತಿದ್ದೆ.

ಇನ್ನು ಅವಳು ಬರುವುದೇ ಬೇಕಾಗಿಲ್ಲ.

*

ಶನಿವಾರ ಮಧ್ಯಾಹ್ನ ತಾಲೀಮು ನಡೆಯಿತು. ಚರ್ಚಿಗೆ ಕರೆಂಟ್ ಇರಲಿಲ್ಲ. ಮೈಕ್‌ಸೆಟ್ ಅಂಗಡಿಯ ಯಾಕೂಬಸಾಬ ಲಾರಿಯ ಬ್ಯಾಟರಿಯೊಂದನ್ನು ಕೈಗಾಡಿಯಲ್ಲಿ ನೂಕಿಕೊಂಡು ಬಂದ. ಮೂರು ತಾಲೂಕಿನ ಮದುವೆಗಳಲ್ಲಿ ಸ್ಪೀಕರು ಕಟ್ಟಿದ ಕೈ ಅದು. ಯಂತ್ರವನ್ನು ಸುತ್ತುಹಾಕಿ ನೋಡಿ, ತಂತಿ ಸಿಕ್ಕಿಸಿ, "ಬಿಸಮಿಲ್ಲಾ" ಅಂದ. ಗೋಡೆಯ ಮೇಲೆ ಬೆಳಕಿನ ಚೌಕ ಬಿತ್ತು.

"ಯಾರ ಕತೀರಿ ಇದು?"

"ಯೋನ ಅಂತ. ಮೀನು ನುಂಗಿತ್ತಲ್ಲ, ಆ ಪ್ರವಾದಿ."

"ಯೂನುಸ್ ನಬಿ! ನಮ್ಮಲ್ಲೂ ಅದಾರ್ರಿ ಅವರು," ಅಂದ ಯಾಕೂಬಸಾಬ, ಊರಿನಲ್ಲಿ ಬೀಗರು ಸಿಕ್ಕಂತೆ ಹಿಗ್ಗಿ. ಆಮೇಲೆ ಗೋಡೆಗೆ ಬೆನ್ನು ಮಾಡಿ ನಿಂತ. "ನಾ ಚಿತ್ರ ನೋಡಂಗಿಲ್ರಿ ಅಯ್ಯಾರ. ನಮ್ಮಲ್ಲಿ ನಬಿಯವರ ಚಿತ್ರ ನೋಡೂದಿಲ್ಲ. ನಾ ದೀಪ ನೋಡಿಕೋತೇನಿ, ನೀವು ಕತಿ ನೋಡಿಕೋರಿ."

ಹಗಲಿನಲ್ಲಿ ಚಿತ್ರ ಕಾಣಬೇಕಾದರೆ ಕತ್ತಲು ಬೇಕು. ನಾಲ್ಕು ಕಿಟಕಿ. ಮನೆಮನೆಯಿಂದ ಕೌದಿ ತರಿಸಿದೆವು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹೊಲಿದ ನಮ್ಮ ಕೌದಿಗಳ ಒಳಗೆ ಸೂರ್ಯ ನುಸುಳುವುದುಂಟೇ? ಮೂರು ಕಿಟಕಿಗೆ ಮೊಳೆ ಹೊಡೆದು ಕಟ್ಟಿದ್ದಾಯಿತು. ನಾಲ್ಕನೆಯದರ ಚೌಕಟ್ಟು ಗೆದ್ದಲು ಹಿಡಿದು ಮೊಳೆ ನಿಲ್ಲಲಿಲ್ಲ.

"ಅಕ್ಕೋರ, ನೀವು ಹೆಂಗೂ ಖಾಲಿ ಇರ್ತೀರಲ್ಲ. ಈ ಕೌದಿ ಹಿಡಕೊಂಡು ನಿಲ್ರಿ," ಅಂದರು ಪಾದ್ರಿಗಳು. "ನಾ ನಿಮ್ಮ ಬಾಜೂಕ ನಿಂತು ಓದ್ತೇನಿ. ಪುಸ್ತಕದ ಮ್ಯಾಲೆ ಬೀಳುವಷ್ಟು ಒಂದು ಬೆರಳು ಬೆಳಕು ಬಿಟ್ರ ಸಾಕು."

ನನ್ನ ಕೌದಿಯೇ ಅದು, ನಮ್ಮ ಮನೆಯ ದೊಡ್ಡ ಕೌದಿ. ಎರಡೂ ಕೈ ತಲೆಯ ಮೇಲೆ ಚಾಚಿ ಅದರ ಎರಡು ತುದಿ ಹಿಡಿದು ಕಿಟಕಿಗೆ ಬೆನ್ನು ಕೊಟ್ಟು ನಿಂತೆ. ಹನ್ನೆರಡು ವರ್ಷ ಸಮುದ್ರ ಸೀಳಿದ ಕೈಗಳಿಗೆ ಈಗ ಬೆಳಕು ತಡೆಯುವ ಕೆಲಸ.

ಚರ್ಚಿನ ಬಾಗಿಲ ಚಿಲಕ ಸಡಿಲ. ರಾತ್ರಿ ಪೆಟ್ಟಿಗೆ ಯಾರ ಮನೆಯಲ್ಲಿಡಬೇಕು ಎಂಬ ಮಾತು ಬಂದು ಅದು ನಮ್ಮ ಮನೆಗೆ ಬಂತು. ಸಂಜೆ ನಾನು ಆ ಸಣ್ಣ ಡಬ್ಬಿ ತೆರೆದು ಸುರುಳಿಯ ತುದಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಉಗುರಿನಷ್ಟು ಹಡಗು, ಉಗುರಿನಷ್ಟು ಯೋನ. ಎಷ್ಟು ಚಂದ ಇತ್ತೆಂದರೆ ನನಗೆ ಸಿಟ್ಟು ಬಂತು. ನಮ್ಮ ಹಿತ್ತಲಲ್ಲಿ ಒಂದು ಬಾವಿ ಇದೆ. ಒಂದು ಕ್ಷಣ ನನ್ನ ಕಣ್ಣು ಆ ಕಡೆ ಹೋದದ್ದು ನಿಜ. ಮೀನು ನುಂಗಿದವನನ್ನು ಬಾವಿಯೂ ನುಂಗಲಿ ಅನ್ನಿಸಿತು. ಆಮೇಲೆ ನನಗೇ ನಗು ಬಂದು, ಡಬ್ಬಿ ಮುಚ್ಚಿಟ್ಟು, ಎಮ್ಮೆಗೆ ಮೇವು ಹಾಕಲು ಹೋದೆ.

*

ರವಿವಾರ ಚರ್ಚು ತುಂಬಿ ತುಳುಕಿತು. ಇಪ್ಪತ್ತೇಳು ಮಕ್ಕಳು ಎಪ್ಪತ್ತಾಗಿದ್ದರು. ಚರ್ಚಿನ ಕಡೆ ಎಂದೂ ಸುಳಿಯದ ಓಣಿಯ ಮಕ್ಕಳೆಲ್ಲ ಮುಖ ತೊಳೆದು ಎಣ್ಣೆ ಹಚ್ಚಿಕೊಂಡು ಬಂದಿದ್ದವು. ಅವರ ಹಿಂದೆ ತಾಯಂದಿರು, ತಾಯಂದಿರ ಹಿಂದೆ ಅಜ್ಜಿಯರು. ಮುಂದಿನ ಸಾಲಿನ ಮಕ್ಕಳನ್ನು ಸರಿಸಿ ನನ್ನ ಅತ್ತೆ ಚಂದವ್ವ ಕಾಲು ಚಾಚಿ ಕೂತಿದ್ದಳು.

"ಎಷ್ಟೊತ್ತಿಗೆ ಬಿಡ್ತಾರ ಸಿನೇಮಾ?" ಎಂದು ಕೇಳಿದಳು.

"ಸಿನೇಮಾ ಅಲ್ರಿ ಆಯಿ, ಪಾಠ," ಅಂದರು ಧರೆಪ್ಪನವರು.

"ಆತು. ಪಾಠಾನ ಬಿಡ್ರಿ."

ಕೌದಿಗಳು ಕಿಟಕಿ ಮುಚ್ಚಿದವು. ಕತ್ತಲಾಯಿತು. ಎಪ್ಪತ್ತು ಗಂಟಲಿನಿಂದ "ಹೋ" ಎಂಬ ಶಬ್ದ ಎದ್ದಿತು. ಯಾಕೂಬಸಾಬ ತಂತಿ ಕೂಡಿಸಿದ. ಪಾದ್ರಿಗಳು ಸುರುಳಿಯ ತುದಿಯನ್ನು ಯಂತ್ರದ ಬಾಯಿಗೆ ಕೊಟ್ಟು, ಗುಬಟಿ ತಿರುವುವ ಕೆಲಸವನ್ನು ಅವನಿಗೇ ಒಪ್ಪಿಸಿ ನನ್ನ ಪಕ್ಕಕ್ಕೆ ಬಂದು ನಿಂತರು. ಗೋಡೆಯ ಮೇಲೆ ನೀಲಿ ಆಕಾಶ ಅರಳಿತು. ಅದರ ಕೆಳಗೆ ಕಂದು ಗಡ್ಡದ, ಕೆಂಪು ಅಂಗಿಯ ಯೋನ.

ಆ ಮಕ್ಕಳ ಮುಖ ನಾನು ಮರೆಯಲಾರೆ. ಗೋಡೆಯಿಂದ ಮರಳಿ ಬಂದ ನೀಲಿ ಬೆಳಕು ಎಪ್ಪತ್ತು ಮುಖಗಳ ಮೇಲೆ ಬಿದ್ದಿತ್ತು. ಎಲ್ಲರ ಬಾಯಿ ತೆರೆದಿತ್ತು. ನನ್ನ ಕಥೆಗೆ ತೆರೆಯುವ ಹಾಗೆಯೇ. ಅಲ್ಲ, ಅದಕ್ಕಿಂತ ಒಂದು ಬೆರಳು ಹೆಚ್ಚು. ನನ್ನ ಕಡೆ ಒಬ್ಬರೂ ನೋಡಲಿಲ್ಲ.

"ಇಗೋ ಕರ್ತನ ವಾಕ್ಯವನ್ನು ಧಿಕ್ಕರಿಸಿದ ಯೋನನು ಸಮುದ್ರಮಾರ್ಗವಾಗಿ ಪಲಾಯನಗೈಯಲು ಉದ್ಯುಕ್ತನಾದನು," ಎಂದು ಪಾದ್ರಿಗಳು ಓದಿದರು.

"ಅಂದ್ರ ಏನ್ರಿ?" ಅಂತ ಒಂದು ಸಣ್ಣ ದನಿ. ಅದು ರೇಣವ್ವ, ಏಳು ವರ್ಷದವಳು. ನನ್ನ ತರಗತಿಯಲ್ಲಿ ಪ್ರಶ್ನೆ ಕೇಳುವ ಗುತ್ತಿಗೆ ಹಿಡಿದವಳು.

"ಓಡಿ ಹ್ವಾದ," ಅಂದೆ ಕೌದಿಯ ಹತ್ತಿರದಿಂದ, ಸಣ್ಣಗೆ.

"ಅಕ್ಕೋರ, ಸುಮ್ನಿರ್ರಿ," ಅಂದರು ಪಾದ್ರಿಗಳು, ಇನ್ನೂ ಸಣ್ಣಗೆ.

ಹಡಗು ಬಂತು. ಬಿರುಗಾಳಿ ಬಂತು. ಅಲೆ ಮನೆಯಷ್ಟೆತ್ತರ. ಹಡಗಿನವರು ಯೋನನನ್ನು ಎತ್ತಿ ನೀರಿಗೆಸೆದರು. ಹದಿನಾಲ್ಕನೆಯ ಚಿತ್ರಕ್ಕೆ ಮೀನು ಬಂತು. ದೇವರೇ, ಎಂಥ ಮೀನು! ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಬಾಯಿ ತೆರೆದಿತ್ತು. ಮಕ್ಕಳು ಕಿರುಚಿದವು, ಅಜ್ಜಿಯರು ಕಿರುಚಿದರು, ನಾನೂ ಕಿರುಚಿದೆ.

"ಮುಂದಿಂದು," ಅಂದರು ಪಾದ್ರಿಗಳು.

ಯಾಕೂಬಸಾಬ ತಿರುವಿದ. ಮೀನು ನಡುಗಿತು, ಅಲ್ಲೇ ನಿಂತಿತು.

"ಮುಂದಿಂದು, ಸಾಬ್ರ."

"ಬರವಲ್ದರಿ. ಏನೋ ಹಿಡದೈತಿ ಒಳಗ."

ಆಗ ಮೀನಿನ ಕಣ್ಣಿನ ಹತ್ತಿರ ಒಂದು ಕಾಲು ಕಂಡಿತು. ಎಮ್ಮೆಯ ಕಾಲಿನಷ್ಟು ದಪ್ಪ, ಕೂದಲುಳ್ಳ ಕಾಲು. ಅದರ ಹಿಂದೆ ಇನ್ನೊಂದು, ಮತ್ತೊಂದು. ಆಮೇಲೆ ಮೀಸೆ. ಆಮೇಲೆ ಬಂಡಿಯ ಗಾಲಿಯಷ್ಟು ದೊಡ್ಡ ತಲೆ. ಅದು ತಲೆಕೆಳಗಾಗಿ ಮೀನಿನ ಬೆನ್ನ ಮೇಲೆ ನಡೆಯತೊಡಗಿತು.

"ಇರುವಿ!" ಎಂದು ರೇಣವ್ವ ಚೀರಿದಳು.

ಒಂದರ ಹಿಂದೆ ಒಂದು ಬಂದವು. ಯಂತ್ರದ ಗಾಜಿನೊಳಗೆ ಹೊಕ್ಕಿದ್ದ ಕಪ್ಪು ಇರುವೆಗಳು ಗೋಡೆಯ ಮೇಲೆ ಎಮ್ಮೆ ಹಿಂಡಿನಂತೆ ಸಾಲು ಹಿಡಿದು ಹೊರಟವು. ಒಂದು ಇರುವೆ ಯೋನನನ್ನು ತುಳಿಯಿತು. ಇನ್ನೊಂದು ಮೀನಿನ ಬಾಯಿಯೊಳಗೆ ಹೋಗಿ ಮೂಗಿನಿಂದ ಹೊರಗೆ ಬಂತು. ಮಕ್ಕಳು ಕುಣಿದವು, ಕೇಕೆ ಹಾಕಿದವು, ಒಬ್ಬರ ಮೇಲೊಬ್ಬರು ಉರುಳಿದವು. ಯಾಕೂಬಸಾಬ ಗೋಡೆಯ ಕಡೆ ನೋಡದೆ, ಯಂತ್ರದೊಳಗೆ ಬಗ್ಗಿ ಪುಸ್ ಪುಸ್ ಎಂದು ಊದುತ್ತಿದ್ದ. "ಮ್ಯಾಲ ಊದ್ರಿ ಸಾಬ್ರ! ಕೆಳಗ ಊದ್ರಿ!" ಎಂದು ಮಕ್ಕಳು ಹೇಳಿಕೊಡುತ್ತಿದ್ದವು. ಅವನು ಮೇಲೆ ಊದಿದರೆ ಗೋಡೆಯ ಇರುವೆ ಕೆಳಗೆ ಓಡುತ್ತಿತ್ತು, ಕೆಳಗೆ ಊದಿದರೆ ಮೇಲೆ.

ಧರೆಪ್ಪನವರು ಓದುವುದನ್ನು ನಿಲ್ಲಿಸಲಿಲ್ಲ. ಬರೆದದ್ದು ಮುಗಿಯಲೇಬೇಕು ಅವರಿಗೆ. ಬೆವರು ಒರೆಸಿಕೊಳ್ಳುತ್ತ, "ಮತ್ಸ್ಯದ ಉದರದಲ್ಲಿ ಯೋನನು ಮೂರು ದಿನವೂ ಮೂರು ರಾತ್ರಿಯೂ," ಎಂದು ಹೋಗುತ್ತಲೇ ಇದ್ದರು. ಕೊನೆಗೆ ನನ್ನ ಕಡೆ ತಿರುಗಿದರು. ಆ ಒಂದು ಬೆರಳು ಬೆಳಕಿನಲ್ಲಿ ಅವರ ಕಣ್ಣು ಕಂಡಿತು. ಅದರಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ಪೆಟ್ಟಿಗಿ ನಿಮ್ಮ ಮನ್ಯಾಗಿತ್ತು ಅಕ್ಕೋರ," ಅಂದರು. "ನಿಮಗ ಇದು ಬ್ಯಾಡಾಗಿತ್ತಂತ ನನಗ ಗೊತ್ತಿತ್ತು. ಆದ್ರ ಹಿಂಗ..."

ನಾನು ಮಾಡಿರಲಿಲ್ಲ. ಆದರೆ ಮೊದಲ ಇರುವೆ ಕಂಡಾಗ ನನ್ನ ಹೊಟ್ಟೆಯೊಳಗೆ ಒಂದು ಹಬ್ಬ ಎದ್ದದ್ದು ನನಗೆ ಗೊತ್ತಿತ್ತಲ್ಲ. ಬಾವಿಯ ಕಡೆ ಹೋದ ಕಣ್ಣೂ ನೆನಪಾಯಿತು. ನಾನಲ್ಲ ಅಂತ ಯಾವ ಬಾಯಿಂದ ಹೇಳಲಿ? ಇನ್ನು ಮುಗಿಯಿತು ಅನ್ನಿಸಿತು. ಯಂತ್ರ ಬಂದರೂ ಆ ತಾಸು ನನಗಿಲ್ಲ, ಬರದಿದ್ದರೂ ಇಲ್ಲ. ಕೆಡಿಸಿದವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ?

ಆಗ ಯಾಕೂಬಸಾಬ ಸುರುಳಿಯ ಒಳತುದಿಯನ್ನು ಬೆರಳಿನಿಂದ ಮುಟ್ಟಿ, ಮೂಸಿ, ನಾಲಿಗೆಗೆ ಹಚ್ಚಿ ನೋಡಿದ. "ಬೆಲ್ಲ!" ಅಂದ. "ಅಯ್ಯಾರ, ಸುರುಳಿ ನಡುವ ಬೆಲ್ಲದ ಗುಂಡು ಐತ್ರಿ!"

"ಅದು ಬೆಲ್ಲೇನು? ನಾ ಅದನ್ನ ಸುರುಳಿ ಸುತ್ತೂ ಕಟಗಿ ಗುಂಡು ಅಂತ ತಿಳಿದಿದ್ನಲ್ಲ," ಅಂದರು ಪಾದ್ರಿಗಳು.

ಮುಂದಿನ ಸಾಲಿನಲ್ಲಿ ಚಂದವ್ವ ಎದ್ದು ನಿಂತಳು. ಅವಳ ನೆರಳು ಮೀನನ್ನೂ ಇರುವೆಗಳನ್ನೂ ಒಮ್ಮೆಗೇ ನುಂಗಿತು.

"ನಾ ಇಟ್ಟೇನ್ರಿ ಬೆಲ್ಲ. ಅದಕ್ಯಾಕ ಇಷ್ಟು ಗದ್ಲ?"

"ಆಯೀ! ಯಾಕಿಟ್ರಿ?"

"ಯಾಕಂದ್ರ? ಇಂಡಿಯವರು ಐದು ಲಿಂಬಿಹಣ್ಣು ಇಟ್ಟು ಕಳಿಸ್ಯಾರ. ಪೆಟ್ಟಿಗಿ ಈ ವಾರ ಮುದ್ದೇಬಿಹಾಳಕ್ಕ ಹೋಗತೈತಿ. ನಮ್ಮ ಮನಿಯಿಂದ ಹೊಂಟ ಡಬ್ಬಿ ಖಾಲಿ ಹೋತಂದ್ರ ಆ ಊರಿನ ಹೆಣ್ಮಕ್ಕಳು ಏನಂದಾರು? ಸಿಂದಗಿಯವರಿಗೆ ಒಂದು ಬೆಲ್ಲದ ಹಳಕಿಗೂ ಗತಿ ಇಲ್ಲಂದಾರು! ಆ ಸುರುಳಿ ನಡುವ ಒಂದು ಗೋಲಿಯಷ್ಟು ಜಾಗ ಖಾಲಿ ಇತ್ತು. ತುರುಕೀನಿ."

ಹಿಂದಿನ ಸಾಲಿನ ಅಜ್ಜಿಯರೆಲ್ಲ ತಲೆದೂಗಿದರು. "ಖರೇ ಐತಿ. ಖಾಲಿ ಹೆಂಗ ಕಳಿಸೂದು?" ಅಂದರು. ಧರೆಪ್ಪನವರು ಕೈಯಲ್ಲಿದ್ದ ಪುಸ್ತಕದ ಪುಟ ತಿರುವಿ ನೋಡಿದರು. ಇಷ್ಟು ಜನ ಹೆಂಗಸರು ಒಟ್ಟಿಗೆ ಸರಿ ಅಂದದ್ದನ್ನು ತಪ್ಪು ಅನ್ನಲು ಯಾವ ಪುಸ್ತಕದಲ್ಲಿಯೂ ಮಾತಿಲ್ಲ.

ಆ ಹೊತ್ತಿಗೆ ರೇಣವ್ವ ಗೋಡೆಯಿಂದ ಕಣ್ಣು ಕಿತ್ತು ನನ್ನ ಕಡೆ ತಿರುಗಿದಳು. ಕತ್ತಲಲ್ಲಿ ನಾನು ಎಲ್ಲಿದ್ದೇನೆಂದು ಹುಡುಕಿದಳು.

"ಅಕ್ಕೋರ, ಮೀನಿನ ಹೊಟ್ಟ್ಯಾಗ ಇರುವಿ ಹೆಂಗ ಹ್ವಾದ್ವು?"

ಎಪ್ಪತ್ತು ತಲೆ ಅವಳ ಹಿಂದೆ ತಿರುಗಿದವು.

"ಹೇಳ ಶೇವಂತಿ, ಕತಿ ಅರ್ಧಕ್ಕ ನಿಂತೈತಿ," ಅಂದಳು ನನ್ನ ಅತ್ತೆ. ಹದಿನೆಂಟು ವರ್ಷದಲ್ಲಿ ಆಕೆ ನನಗೆ ಮಾತಾಡು ಅಂದದ್ದು ಅದೇ ಮೊದಲು.

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಆಗ ತಿಳಿಯಿತು, ನನ್ನ ಮಾತು ಕೈಗಳಿಂದ ಶುರುವಾಗುತ್ತದೆ ಎಂದು. ಕೈಗಳಲ್ಲಿ ಕೌದಿ ಇತ್ತು. ಬಿಟ್ಟರೆ ಬೆಳಕು ಬರುತ್ತದೆ. ಬೆಳಕು ಬಂದರೆ ಮಿಶನ್ನಿನ ಚಿತ್ರ ಅಳಿಸಿಹೋಗುತ್ತದೆ. ಪಾದ್ರಿಗಳು ಪಕ್ಕದಲ್ಲೇ ಪುಸ್ತಕ ಹಿಡಿದು ನಿಂತಿದ್ದರು.

ಬೇಕೆಂದೇ ಬಿಟ್ಟೆನೋ, ಕೈ ಸೋತು ಜಾರಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೌದಿ ಕೈಬಿಟ್ಟಿತು. ಹತ್ತು ಗಂಟೆಯ ಬಿಸಿಲು ಧಡಾರನೆ ಒಳಗೆ ಬಿತ್ತು. ಮೀನು, ಇರುವೆ, ಸಮುದ್ರ ಎಲ್ಲ ಒಮ್ಮೆಲೇ ಮಾಯವಾಗಿ ಬರೀ ಸುಣ್ಣದ ಗೋಡೆ ಉಳಿಯಿತು. ಮತ್ತು ಎಂಟು ಸೀರೆಯ ಭಾರದ ಆ ಕೌದಿ ಸೀದಾ ಹೋಗಿ ಪಾದ್ರಿ ಧರೆಪ್ಪನವರ ಮೇಲೆ ಬಿತ್ತು. ತಲೆ, ಪುಸ್ತಕ, ಚಷ್ಮಾ ಎಲ್ಲ ಒಳಗೆ. ಕೆಳಗೆ ಎರಡು ಚಪ್ಪಲಿ ಮಾತ್ರ ಹೊರಗೆ.

"ಮೀನು ಅಯ್ಯಾರನ್ನ ನುಂಗ್ತು!" ಎಂದಳು ರೇಣವ್ವ.

ಚರ್ಚಿನ ಹಂಚು ಹಾರಿಹೋಗುವಂಥ ನಗು. ನಾನು ಕೌದಿ ಎಳೆಯಲು ಕೈ ಚಾಚಿದೆ. ಅಷ್ಟರಲ್ಲಿ ಒಳಗಿನಿಂದ ಒಂದು ದನಿ ಬಂತು. ಪುಸ್ತಕದ ದನಿಯಲ್ಲ, ಹುಬ್ಬಳ್ಳಿಯ ಓಣಿಯಲ್ಲಿ ಎಂದೋ ಆಡಿ ಬೆಳೆದ ಹುಡುಗನ ದನಿ.

"ಅಕ್ಕೋರ... ಎಷ್ಟು ದಿನ ಇರಬೇಕ್ರಿ ಒಳಗ?"

ಚಾಚಿದ ಕೈ ಹಾಗೆಯೇ ಮೇಲೆದ್ದಿತು. ಇನ್ನೊಂದು ಕೈಯೂ ಎದ್ದಿತು. ನನ್ನೊಳಗಿನ ಅವಳು ಬಂದಿದ್ದಳು.

"ಮೂರು ದಿನ ಅಯ್ಯಾರ! ಮೂರು ರಾತ್ರಿ!" ಎಂದು ಗುಡುಗಿದೆ. "ಮಕ್ಕಳ್ರ್ಯಾ, ಒಳಗ ಹೆಂಗೈತಿ?"

"ಹಗೇವು ಇದ್ದಂಗ!" ಎಪ್ಪತ್ತು ದನಿ. ಹೊಸಬರಿಗೂ ಅಷ್ಟರಲ್ಲಿ ನಮ್ಮವರು ಕಲಿಸಿಬಿಟ್ಟಿದ್ದರು.

"ಏನು ವಾಸನಿ ಬರ್ತೈತಿ?"

ನಾನು ಹೇಳುವ ಮೊದಲೇ ಕೌದಿ ಹೇಳಿತು: "ಜ್ವಾಳದ ವಾಸನಿ. ಮುಗ್ಗಿದ ಜ್ವಾಳ. ಅದರಾಗ ಒಂದೀಟು ಹೊಗಿ." ನಮ್ಮ ಮನೆಯ ಕೌದಿ, ಮತ್ತೇನು ವಾಸನೆ ಬಂದೀತು.

ಆಮೇಲೆ ನನ್ನನ್ನು ಯಾರು ತಡೆಯಬೇಕು? ಮೀನನ್ನು ಚರ್ಚಿನ ತುಂಬ ಈಜಿಸಿದೆ. ಪಾದ್ರಿಗಳು ಕೌದಿಯೊಳಗೆ ತಡವರಿಸುತ್ತ ಮಕ್ಕಳ ಸಾಲುಗಳ ನಡುವೆ ನಡೆದರು, ಮಕ್ಕಳು ಹೋ ಎಂದು ದಾರಿ ಬಿಟ್ಟವು. ಮೂರೂ ದಿನ ಎಣಿಸಿದೆವು. ಮೂರನೆಯ ದಿನ ಮೀನಿಗೆ ಹೊಟ್ಟೆ ತೊಳಸಿತು. ಯಾಕೆ ತೊಳಸಿತು? ಒಳಗೆ ಪ್ರಾರ್ಥನೆ ಮಾಡುವ ಮನುಷ್ಯನಿದ್ದರೆ ಯಾವ ಹೊಟ್ಟೆ ತಡೆದೀತು! ಎಪ್ಪತ್ತು ಮಕ್ಕಳು "ವ್ಯಾ" ಎಂದು ಓಕರಿಸಿದವು. ಯೋನ ಹೊರಗೆ ಬಿದ್ದ. ಕೂದಲು ಕೆದರಿತ್ತು, ಚಷ್ಮಾ ಕಿವಿಗೆ ಜೋತಿತ್ತು, ಮುಖ ಬೆಂದ ಗೆಣಸಿನಂತೆ ಕೆಂಪಾಗಿತ್ತು. ಧರೆಪ್ಪನವರು ನಗುತ್ತಿದ್ದರು. ಅವರ ಹಲ್ಲು ಅಷ್ಟು ಬೆಳ್ಳಗಿವೆ ಎಂದು ನಮಗೆ ಎಂಟು ತಿಂಗಳಲ್ಲಿ ಗೊತ್ತೇ ಇರಲಿಲ್ಲ.

ನಿನೆವೆ ಪಟ್ಟಣಕ್ಕೆ ಹಿಂದಿನ ಸಾಲಿನ ಅಜ್ಜಿಯರನ್ನೆಲ್ಲ ಸೇರಿಸಿದೆ. ಪಟ್ಟಣದ ಅರಸ ಗೋಣಿತಟ್ಟು ಸುತ್ತಿಕೊಳ್ಳಬೇಕಿತ್ತು. ಬ್ಯಾಟರಿ ಮುಚ್ಚಿ ತಂದಿದ್ದ ಗೋಣಿಚೀಲವನ್ನು ನನ್ನ ಅತ್ತೆ ತಾನೇ ಹೆಗಲಿಗೆ ಹಾಕಿಕೊಂಡು ಎದ್ದಳು. "ನಾನ ಅರಸ. ತಪ್ಪಾತು ದೇವ್ರ, ಇನ್ನ ಮ್ಯಾಲೆ ಪೆಟ್ಟಿಗ್ಯಾಗ ಬೆಲ್ಲ ಇಡಂಗಿಲ್ಲ," ಅಂದಳು. ಆಮೇಲೆ ಸ್ವಲ್ಪ ತಡೆದು, "ಸಕ್ಕರಿ ಇಡ್ತೇನಿ," ಅಂದಳು.

"ಇರುವಿ?" ಅಂದಳು ರೇಣವ್ವ. ಅವಳು ಮರೆಯುವವಳಲ್ಲ.

ನಾನು ಉಸಿರು ತೆಗೆದುಕೊಂಡೆ. ಕಥೆಯ ಕೊನೆ ಬಂದಿತ್ತು. ಪಟ್ಟಣವನ್ನು ದೇವರು ಉಳಿಸಿದನೆಂದು ಮುನಿಸಿಕೊಂಡ ಯೋನ ಊರ ಹೊರಗೆ ಕೂತಿದ್ದಾನೆ. ದೇವರು ಅವನಿಗೆ ನೆರಳಾಗಲೆಂದು ಒಂದು ಸೋರೆಬಳ್ಳಿ ಹಬ್ಬಿಸುತ್ತಾನೆ. ಮರುದಿನ ಒಂದು ಹುಳ ಕಳಿಸಿ ಅದನ್ನು ಕಡಿಸುತ್ತಾನೆ.

"ದೇವರ ಕೆಲಸಕ್ಕ ಮೀನ ಬೇಕಂತೇನಿಲ್ಲ ರೇಣವ್ವಾ," ಅಂದೆ. "ಒಮ್ಮೆ ಮೀನು ಕಳಿಸ್ತಾನ, ಒಮ್ಮೆ ಹುಳ ಕಳಿಸ್ತಾನ. ಇವತ್ತ ನಮ್ಮ ಕಡೆ ಇರುವಿ ಕಳಿಸ್ಯಾನ. ಮುನಿಸಿಕೊಂಡು ಕೂತವರನ್ನ ಎಬ್ಬಿಸಾಕ ಅವನಿಗೆ ಯಾವದಾದ್ರೂ ನಡೀತೈತಿ."

ಕಿಟಕಿಯ ಹತ್ತಿರ ಕೌದಿ ಹಿಡಿದು ಮುನಿಸಿಕೊಂಡು ನಿಂತವಳು ಯಾರು ಎಂದು ನಾನು ಹೇಳಲಿಲ್ಲ. ಹೇಳುವುದೇನು, ಪಾದ್ರಿಗಳು ನನ್ನ ಕಡೆಯೇ ನೋಡುತ್ತಿದ್ದರು.

*

ಸೋಮವಾರ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಆ ಫಿಲ್ಮಿನ ಸುರುಳಿಯನ್ನು ಬಾವಿಯ ನೀರಲ್ಲಿ ಅದ್ದಿ, ಮೆತ್ತಗಿನ ಬಟ್ಟೆಯಿಂದ ಒರೆಸಿ, ಸೀರೆಗಳ ನಡುವೆ ಹಗ್ಗದ ಮೇಲೆ ಒಣಹಾಕಿದೆ. ಕೊನೆಗೂ ಯೋನ ನನ್ನ ಬಾವಿಯ ನೀರು ಕಂಡ. ಒಂದೇ ಒಂದು ಚಿತ್ರದ ಬಣ್ಣವೂ ಹೋಗಲಿಲ್ಲ.

ಧರೆಪ್ಪನವರು ಕಾಗದ, ಪೆನ್ನು ಹಿಡಿದು ಬಂದು ಕಟ್ಟೆಯ ಮೇಲೆ ಕೂತರು. ಚಂದವ್ವ ಲಿಂಬೆಹಣ್ಣಿನ ಪಾನಕ ತಂದು ಕೊಟ್ಟಳು. ಬೆಲ್ಲದ ಪಾನಕ.

"ಬಿಜಾಪುರಕ್ಕ ರಿಪೋರ್ಟ್ ಬರೀಬೇಕು ಅಕ್ಕೋರ. ಏನು ಬರೀಲಿ?"

"ಆದದ್ದು ಬರೀರಿ ಅಯ್ಯಾರ. ನೀವು ಬರೆದಂಗ ನಡಕೊಳ್ಳೂ ಮಂದಿ. ಒಮ್ಮೆ ನಡೆದಂಗ ಬರೀರಿ."

ಅವರು ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿದರು. "ಯಂತ್ರ ಕೊಟ್ರ ಬ್ಯಾಡ ಅನ್ನಂಗಿಲ್ಲ ನಾ. ಆ ಮೀನು ಚಂದಿತ್ತು," ಅಂದರು.

"ಭಾಳ ಚಂದಿತ್ರಿ," ಅಂದೆ. ಸುಳ್ಳು ಹೇಳಲಿಲ್ಲ.

"ತಿರುವೂದು ನಾ ತಿರುವ್ತೇನಿ. ಕೌದಿ ಹಿಡ್ಯಾಕ ಬ್ಯಾರೆ ಯಾರನ್ನಾರ ನಿಲ್ಲಸೋಣು." ಪೆನ್ನಿನ ಕ್ಯಾಪು ಮುಚ್ಚಿದರು, ಮತ್ತೆ ತೆರೆದರು. "ಅಕ್ಕೋರ, ಮುಂದಿನ ರವಿವಾರ ಯಾವ ಕತಿ ಹೇಳ್ತೀರಿ?"

ನಾನು ಒದ್ದೆ ಸೀರೆಯೊಂದನ್ನು ಎಷ್ಟು ಜೋರಾಗಿ ಝಾಡಿಸಿದೆನೆಂದರೆ ನೀರು ಹಾರಿ ಅವರ ರಿಪೋರ್ಟಿನ ಮೇಲೆ ಬಿತ್ತು. ಅವರು ಕಾಗದ ಒರೆಸಿಕೊಂಡು ಇನ್ನೊಂದು ಗುಟುಕು ಪಾನಕ ಕುಡಿದರು.

ಶುಕ್ರವಾರ ಪೆಟ್ಟಿಗೆಯನ್ನು ಮುದ್ದೇಬಿಹಾಳಕ್ಕೆ ಮುಟ್ಟಿಸುವ ಕೆಲಸ ನನಗೆ ಬಂತು. ಪಾದ್ರಿಗಳಿಗೆ ಅವತ್ತು ಒಂದು ಮದುವೆ ಇತ್ತು. ಸಂಜೆಯೇ ತಿರುಗಿ ಬರಬೇಕು, ರವಿವಾರದ ಕಥೆ ಕಾದಿತ್ತು. ಒಬ್ಬಳೇ ಅಷ್ಟು ದೂರ ಬಸ್ಸಿನಲ್ಲಿ ನಾನೆಂದೂ ಹೋಗಿರಲಿಲ್ಲ. ಕಂಡಕ್ಟರ್ ಪೆಟ್ಟಿಗೆಯನ್ನು ಟಪ್ಪಿಗೆ ಹಾಕಲು ಕೈ ಚಾಚಿದ. ನಾನು ಕೊಡಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತೆ.

"ಏನೈತ್ರಿ ಬಾಯಾರ ಅದರಾಗ?"

"ಒಂದು ಸಮುದ್ರ. ಒಂದು ಮೀನು," ಅಂದೆ.

ಅವನು ನಕ್ಕು ಮುಂದೆ ಹೋದ. ಬಸ್ಸು ಸಿಂದಗಿ ದಾಟಿತು. ಕರೀ ಎರೆಹೊಲಗಳು ಎರಡೂ ಕಡೆ ಬಿಸಿಲಿಗೆ ಬಾಯಿ ಬಿಟ್ಟುಕೊಂಡು ಮಲಗಿದ್ದವು. ಅಂಗೈಗೆ ಏನೋ ಕಚಗುಳಿ ಇಟ್ಟಂತಾಯಿತು. ನೋಡಿದರೆ ಪೆಟ್ಟಿಗೆಯ ಸಂದಿನಿಂದ ಒಂದು ಇರುವೆ ಹೊರಗೆ ಬಂದು ನನ್ನ ಬೆರಳು ಹತ್ತುತ್ತಿತ್ತು. ಅದರ ಹಿಂದೆ ಇನ್ನೊಂದು.

ಹೊರಡುವ ಮೊದಲು ನಾನು ಪೆಟ್ಟಿಗೆಯನ್ನು ಮೂರು ಸಲ ಝಾಡಿಸಿ ಒರೆಸಿದ್ದೆ. ಕಟ್ಟೆಯ ಮೇಲೆ ನಿಂತು ನನ್ನನ್ನು ಬೀಳ್ಕೊಟ್ಟ ಅತ್ತೆ ಆಗ ಒಂದೇ ಒಂದು ಮಾತೂ ಆಡಿರಲಿಲ್ಲ. ಚಂದವ್ವ ಸುಮ್ಮನಿದ್ದಾಳೆಂದರೆ ನನಗೆ ಅಲ್ಲಿಯೇ ತಿಳಿಯಬೇಕಿತ್ತು.

ಸಕ್ಕರೆಯೇ ಇರಬೇಕು ಈ ಸಲ. ಇರುವೆಯನ್ನು ನಾನು ಊದಲಿಲ್ಲ. ಕಿಟಕಿಯ ಬೆಳಕಿಗೆ ಬೆರಳು ಎತ್ತಿ ಹಿಡಿದೆ. ಮುದ್ದೇಬಿಹಾಳದ ಮಕ್ಕಳೂ ನೋಡಲಿ.